ಪ್ಲಗ್ ಮುಟ್ಟಿ ನೋಡಮ್ಮ

ನಮ್ಮೂರಿನಲ್ಲಿ ಡ್ರೈಯರ್ ಹಾಕುವ ಮುಂಚೆ ಹಿತ್ತಲ ಬಾಗಿಲಿಗೆ ಬಂದು "ನಮ್ದು ತಿರುಗ್ತಾ ಇದೆ" ಎಂದು ಕೂಗಬೇಕು. ಬಟ್ಟೆ ಒಣಗಿದ ಮೇಲೆ ಮತ್ತೆ ಬಂದು "ನಮ್ದು ನಿಂತ್ತು" ಎಂದು ಕೂಗಬೇಕು. ಆಗ ಪಕ್ಕದ ಮನೆಯವರು ತಮ್ಮದನ್ನು ಹಾಕುತ್ತಾರೆ. ಹೀಗೆ ಕೂಗು ಬೀದಿಯ ಈ ತುದಿಯಿಂದ ಆ ತುದಿಗೆ ಹೋಗುತ್ತದೆ. ಎರಡು ಮನೆಯದು ಒಟ್ಟಿಗೆ ತಿರುಗಿದರೆ ಬೀದಿಯ ಟ್ರಾನ್ಸ್‌ಫಾರ್ಮರ್ ತಡೆಯುವುದಿಲ್ಲ. ನಾನು ಮದುವೆಯಾಗಿ ಬಂದ ಹೊಸದರಲ್ಲಿ, ಮೀಸೆ ಹೊತ್ತ ಗಂಡಸರೂ ಹಿತ್ತಲಿಗೆ ಬಂದು ಹೀಗೆ ಕೂಗುವುದನ್ನು ಕೇಳಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಿದ್ದೆ. ನಮ್ಮತ್ತೆ ನಗಲಿಲ್ಲ. "ನಿನ್ನ ಸೀರೆ ಒಣಗಿದೆಯೇನೇ, ಪಂಕಜ?" ಎಂದು ಮಾತ್ರ ಕೇಳಿದರು.

ಇಲ್ಲಿ ಬಿಸಿಲು ಬೀಳುತ್ತದೆ, ಬಟ್ಟೆ ಒಣಗುವುದಿಲ್ಲ. ಮುಸ್ಸಂಜೆಯ ಹೊತ್ತಿಗೆ ಬಟ್ಟೆ ಒದ್ದೆಯಾಗಿ ಉಳಿದರೆ ಅದು ತನ್ನನ್ನು ತೊಟ್ಟವರನ್ನು ತುಂಬಿಕೊಳ್ಳುತ್ತದೆ. ತುಂಬಿಕೊಂಡಷ್ಟು ಆ ಮನುಷ್ಯ ಹಗುರಾಗುತ್ತಾನೆ. ಮರೆತು ಒಂದು ದಿನ ಟವೆಲ್ಲೋ ಲಂಗವೋ ಉಳಿದರೆ ದೊಡ್ಡ ನಷ್ಟವೇನಿಲ್ಲ, ನಾಲ್ಕು ದಿನ ಚೆನ್ನಾಗಿ ಉಂಡು ಸರಿಮಾಡಿಕೊಳ್ಳಬಹುದು. ಉದಾಸೀನ ಮಾಡಿದವರ ಪಾಡು ಬೇರೆ. ನಮ್ಮೂರ ಹೋಟೆಲಿನಲ್ಲಿ ಅಂಥವರು ಬಂದು ಕೂತರೆ ಮಾಣಿ ಮೊದಲು ತೊಡೆಯ ಮೇಲೆ ತೂಕದ ಕಲ್ಲು ಇಟ್ಟು ಆಮೇಲೆ ನೀರಿನ ಲೋಟ ಇಡುತ್ತಾನೆ. ಬಸ್ಸಿನಲ್ಲಿ ಕಂಡಕ್ಟರು ಅವರನ್ನು ಕಿಟಕಿ ಪಕ್ಕ ಕೂರಲು ಬಿಡುವುದಿಲ್ಲ. ಗಣಿತದ ಮೇಷ್ಟ್ರು ಒಬ್ಬರು ರಿಟೈರಾದ ಮೇಲೆ ಪಂಚೆ ಒಣಗಿಸಲು ಸೋಮಾರಿತನ ಮಾಡಿ, ಈಗ ಎರಡೂ ಜೇಬಿನಲ್ಲಿ ಗುಂಡುಕಲ್ಲು ಹಾಕಿಕೊಂಡು ವಾಕಿಂಗ್ ಹೋಗುತ್ತಾರೆ. ಇನ್ನೂ ಹಗುರಾದವರು ಒಂದು ಬೆಳಿಗ್ಗೆ ಇರುವುದೇ ಇಲ್ಲ. ತೊಟ್ಟ ಬಟ್ಟೆ ಗುಂಡಿ ಹಾಕಿದ ಹಾಗೆಯೇ ಹಾಸಿಗೆಯ ಮೇಲೆ ಮಲಗಿರುತ್ತದೆ.

ಸತ್ತವರ ಬಟ್ಟೆಯೂ ಹೀಗೇ. ಆದರೆ ಅವರಿಗೆ ಮೈಯಿಲ್ಲವಲ್ಲ, ಅದು ಎದುರಿಗೆ ಕೂತವರ ಮೈಯಿಂದ ತೆಗೆದುಕೊಂಡು ಸತ್ತವರನ್ನು ತುಂಬಿಕೊಳ್ಳುತ್ತದೆ. ಅದಕ್ಕೇ ನಮ್ಮಲ್ಲಿ ವೈಕುಂಠ ಸಮಾರಾಧನೆಯ ಮುಂಚೆ ಹೋದವರ ಬಟ್ಟೆಯನ್ನೆಲ್ಲ ಮೂರು ಸಲ ಡ್ರೈಯರ್‌ನಲ್ಲಿ ತಿರುಗಿಸಿ ಟ್ರಂಕಿಗೆ ಹಾಕಿಬಿಡುತ್ತಾರೆ. ನಮ್ಮ ಯಜಮಾನರ ಬಟ್ಟೆಗೆ ಹಾಗೆ ಮಾಡಿದ್ದೆ. ಮಗನ ಬಟ್ಟೆಗೂ ಹಾಗೆ ಮಾಡಬೇಕಾಗುತ್ತದೆ ಎಂದು ಯಾವ ತಾಯಿ ಅಂದುಕೊಂಡಿರುತ್ತಾಳೆ?

ನನ್ನ ಮಗ ಶ್ರೀಕಂಠ ಡ್ರೈಯರ್ ಮಾರುವ ಅಂಗಡಿಯಲ್ಲಿ ಕೆಲಸಕ್ಕಿದ್ದ. ಮಾರುತ್ತಿದ್ದನೋ ಬಿಡುತ್ತಿದ್ದನೋ, ಬಂದ ಗಿರಾಕಿಯ ತಲೆ ತಿನ್ನುವುದಂತೂ ತಪ್ಪುತ್ತಿರಲಿಲ್ಲ. "ಇದಕ್ಕೆ ಮಾಮೂಲಿ ಪಾಯಿಂಟ್ ಸಾಕಾಗಲ್ಲ ಸಾರ್. ಮೀಟರ್ ಬೋರ್ಡಿಂದ ದಪ್ಪ ವೈರು ಬೇರೆ ಎಳೆಸಿ. ಅದಕ್ಕೇ ಅಂತ ಒಂದು ಫ್ಯೂಸ್ ಹಾಕ್ಸಿ. ಅರ್ತಿಂಗ್ ಸರಿಯಾಗಿದೆಯೋ ನೋಡ್ಸಿ. ಎಕ್ಸ್‌ಟೆನ್ಶನ್ ಬಾಕ್ಸಿಗೆ ಮಾತ್ರ ಹಾಕ್ಬೇಡಿ. ಇದೆಲ್ಲಾ ಆದ್ಮೇಲೆ ಬನ್ನಿ, ಮಿಷನ್ ಕೊಡ್ತೀನಿ" ಎನ್ನುತ್ತಿದ್ದ. ಅಂಗಡಿಯ ಮಾಲೀಕರು "ಏನಯ್ಯಾ, ನೀನು ವ್ಯಾಪಾರ ಮಾಡ್ತಿದ್ದೀಯೋ, ಬಂದೋರನ್ನ ಓಡಿಸ್ತಿದ್ದೀಯೋ?" ಎಂದು ಹಣೆ ಚಚ್ಚಿಕೊಳ್ಳುತ್ತಿದ್ದರು.

ಮನೆಯಲ್ಲಿ ಅವನ ಪಾಠ ಇನ್ನೂ ಜಾಸ್ತಿ. "ಹತ್ತು ನಿಮಿಷ ತಿರುಗಿದ ಮೇಲೆ ಪ್ಲಗ್ ಮುಟ್ಟಿ ನೋಡಮ್ಮ. ಕೈ ಒರೆಸ್ಕೊಂಡು ಮುಟ್ಟು. ಬಿಸಿಯಾಗಿದ್ರೆ ಆಫ್ ಮಾಡ್ಬಿಡು. ಮೀನು ಸುಟ್ಟ ವಾಸನೆ ಬಂದ್ರೆ ಯಾರ ಮನೇಲಿ ಮೀನು ಅಂತ ಹುಡುಕ್ಕೊಂಡು ಹೋಗ್ಬೇಡ, ಪ್ಲಗ್ ಸುಡ್ತಿದೆ ಅಂತ ಅರ್ಥ. ಮೊದಲು ಮೇನ್ ಇಳಿಸು." ನಾನು ಆಯಿತಪ್ಪಾ ಆಯಿತು ಎಂದು ಕೈ ಮುಗಿಯುತ್ತಿದ್ದೆ. ನಾನು ಮುಟ್ಟುವ ಮೊದಲು ಅವನೇ ಬಂದು ಮುಟ್ಟಿರುತ್ತಿದ್ದ. ಯಾರ ಮನೆಗೆ ಹೋದರೂ ಅಷ್ಟೆ. ಹೆಣ್ಣು ನೋಡಲು ಹೊರಗಿನ ಊರಿಗೆ ಹೋದಾಗ ಉಪ್ಪಿಟ್ಟಿನ ತಟ್ಟೆ ಕೆಳಗಿಟ್ಟು ಎದ್ದುಹೋಗಿ ಅವರ ಗೀಸರಿನ ಪ್ಲಗ್ ಮುಟ್ಟಿ ನೋಡಿ ಬಂದ. ಹುಡುಗಿಯ ಅಪ್ಪನ ಮುಖ ಹೇಗಾಯಿತೆಂದರೆ, ನನಗೆ ನಿಂತ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಆದರೆ ಬಾಗಿಲ ಮರೆಯಲ್ಲಿ ನಿಂತಿದ್ದ ಹುಡುಗಿ ಕಿಸಕ್ಕನೆ ನಕ್ಕಳು. ಆ ನಗುವಿನಲ್ಲೇ ಮದುವೆ ಗೊತ್ತಾಯಿತು. ಅವಳೇ ಮಾಲಿನಿ, ನನ್ನ ಸೊಸೆ.

ಮದುವೆಯಾಗಿ ಎರಡು ವರ್ಷ ತುಂಬುವುದರೊಳಗೆ ಶ್ರೀಕಂಠನಿಗೆ ಕಾಮಾಲೆ ಬಂತು. ನಾಟಿ ಮದ್ದು, ಆಸ್ಪತ್ರೆ ಎಲ್ಲ ಆಯಿತು. ಉಳಿಯಲಿಲ್ಲ. ಅವನ ಬಟ್ಟೆಗಳನ್ನು ನಾನೇ ತಿರುಗಿಸಿದೆ, ಮಾಲಿನಿ ಮಡಿಸಿದಳು. ಒಂದು ಅಂಗಿ ಕಡಿಮೆ ಇದ್ದದ್ದು ನನ್ನ ಗಮನಕ್ಕೆ ಬರಲಿಲ್ಲ. ಆಗ ನನಗೆ ನನ್ನ ತಲೆ ಎಲ್ಲಿದೆಯೆಂದೇ ಗೊತ್ತಿರಲಿಲ್ಲ. ತವರಿಗೆ ಹೋಗಿ ಸ್ವಲ್ಪ ದಿನ ಇದ್ದು ಬಾ ಎಂದರೆ "ನಾನಿಲ್ಲೇ ಇರ್ತೀನಿ ಅತ್ತೆ" ಎಂದಳು. ನನ್ನ ಮೇಲಿನ ಕನಿಕರಕ್ಕೆ ಉಳಿದಳೆಂದು ತಿಳಿದು ಒಳಗೊಳಗೇ ಹಿಗ್ಗಿದೆ.

ಅದಾದ ಮೇಲೆ ಬೀದಿಯಲ್ಲಿ ಒಂದು ಹೊಸ ರಗಳೆ ಶುರುವಾಯಿತು. ಸಂಜೆಯಾಗುತ್ತಿದ್ದಂತೆ ಎಲ್ಲರ ಮನೆಯ ದೀಪ ಮಂಕಾಗುತ್ತಿತ್ತು. ಸರದಿಯ ಮನೆಯ ಡ್ರೈಯರ್ ತಿಣುಕುತ್ತಾ ತಿರುಗುತ್ತಿತ್ತು, ಬಟ್ಟೆ ಅರೆಬರೆ ಒಣಗುತ್ತಿತ್ತು. ಯಾರೋ ಕೂಗದೆ ಕದ್ದು ತಿರುಗಿಸುತ್ತಿದ್ದಾರೆ! ನಮ್ಮಲ್ಲಿ ಇದಕ್ಕಿಂತ ದೊಡ್ಡ ಅಪರಾಧವಿಲ್ಲ. ಪಕ್ಕದ ಮನೆಯ ಅಚ್ಚಮ್ಮನ ಮಗಳು ಬಾಣಂತನಕ್ಕೆ ಬಂದಿದ್ದಳು. ಕೂಸಿನ ಬಟ್ಟೆ ಒದ್ದೆ ಉಳಿದರೆ ಅಷ್ಟು ಸಣ್ಣ ಜೀವದಲ್ಲಿ ಹೋಗಲು ಏನಿದೆ? ಅಚ್ಚಮ್ಮ ಹಿತ್ತಲಲ್ಲಿ ನಿಂತು "ಯಾವೋಳೇ ಅವಳು, ನನ್ನ ಮೊಮ್ಮಗುವಿನ ಬಾಯಿಗೆ ಮಣ್ಣು ಹಾಕೋಳು!" ಎಂದು ಕಿರುಚಿದಳು. ನಾನೂ ಬೇಲಿಯ ಹತ್ತಿರ ನಿಂತು ಅವಳಿಗಿಂತ ಜೋರಾಗಿ ಬೈದೆ. ಕಳ್ಳಿಯ ಕೈ ಸೇದಿಹೋಗಲಿ ಎಂದುಬಿಟ್ಟೆ. ಮಾಲಿನಿ ಒಳಗೆ ಹುರುಳಿಕಾಯಿ ಬಿಡಿಸುತ್ತಾ ಕೂತಿದ್ದಳು, ತಲೆ ಎತ್ತಲಿಲ್ಲ.

ನಮ್ಮದು ಹಳೆಯ ಮನೆ, ಮಹಡಿಗೆ ಮರದ ಮೆಟ್ಟಿಲು. ನಡುವಿನ ಮೆಟ್ಟಿಲು ಸಡಿಲವಾಗಿ, ಯಾರು ಕಾಲಿಟ್ಟರೂ ಕಿರ್ ಅನ್ನುತ್ತಿತ್ತು. ಶ್ರೀಕಂಠ ಮೊಳೆ ಹೊಡೆಯುತ್ತೇನೆ ಎಂದು ಹೇಳುತ್ತಲೇ ಇದ್ದ. ಒಂದು ಸಂಜೆ ನಾನು ದೇವರ ಮುಂದೆ ಬತ್ತಿ ಹೊಸೆಯುತ್ತಾ ಕೂತಿದ್ದೆ. ಮಾಲಿನಿ ನನ್ನೆದುರೇ ಮೆಟ್ಟಿಲು ಹತ್ತಿ ಮಹಡಿಗೆ ಹೋದಳು. ಮೆಟ್ಟಿಲು ಸದ್ದು ಮಾಡಲಿಲ್ಲ. ಮೇಲಿನಿಂದ ಸಣ್ಣಗೆ, ಗೋಣಿಚೀಲದೊಳಗೆ ಬೆಕ್ಕು ಗುರುಗುಟ್ಟಿದ ಹಾಗೆ, ಡ್ರಮ್ಮು ತಿರುಗುವ ಸದ್ದು ಬಂತು. ಬತ್ತಿ ಅಲ್ಲೇ ಬಿಟ್ಟು ಓಡಿದೆ.

ಮಹಡಿಯ ಕೋಣೆಯಲ್ಲಿ ಅಂಗಡಿಯವರು ಶ್ರೀಕಂಠನ ನೆನಪಿಗೆಂದು ಕೊಟ್ಟಿದ್ದ ಹಳೆಯ ಡ್ರೈಯರ್ ಇತ್ತು. ಅದಕ್ಕೆ ಹೊದಿಸಿದ್ದ ಗೋಣಿತಟ್ಟು ಕೆಳಗೆ ಬಿದ್ದಿತ್ತು. ಅದರ ಪ್ಲಗ್ಗು ಒಂದು ಎಕ್ಸ್‌ಟೆನ್ಶನ್ ಬಾಕ್ಸಿಗೆ, ಆ ಬಾಕ್ಸಿನ ಸಣ್ಣ ಬಿಳಿ ವೈರು ಟೇಬಲ್ ಲ್ಯಾಂಪಿನ ಪಾಯಿಂಟಿಗೆ. ಒಳಗೆ ಮಾಲಿನಿಯ ಸೀರೆಗಳು ತಿರುಗುತ್ತಿದ್ದವು. ಎದುರಿನ ಕುರ್ಚಿಯಲ್ಲಿ ಶ್ರೀಕಂಠನ ಅಂಗಡಿಯ ಅಂಗಿ, ನೀಲಿ ಗೆರೆಯದು, ನೀರು ತೊಟ್ಟಿಕ್ಕುತ್ತಾ ಕೂತಿತ್ತು.

ಕೂತಿತ್ತು ಎಂದೇ ಹೇಳಬೇಕು. ಕಾಲರು ನಿಮಿರಿತ್ತು. ಹೊಟ್ಟೆಯ ಹತ್ತಿರದ ಗುಂಡಿಗಳು ಬಿಗಿದಿದ್ದವು. ಎಡಗಡೆಯ ಭುಜ ಸ್ವಲ್ಪ ಕೆಳಗಿತ್ತು, ಚಿಕ್ಕಂದಿನಲ್ಲಿ ಸೀಬೆಮರದಿಂದ ಬಿದ್ದ ಮೇಲೆ ಅವನ ಭುಜ ಹಾಗೇ ಆಗಿತ್ತು. ಉದ್ದ ತೋಳು ತುಂಬಿಕೊಂಡು ಕುರ್ಚಿಯ ಕೈ ಮೇಲೆ ಒರಗಿತ್ತು. ತೋಳಿನ ತುದಿಯಲ್ಲಿ ಕೈಯಿರಲಿಲ್ಲ, ಕಾಲರಿನ ಮೇಲೆ ಏನೂ ಇರಲಿಲ್ಲ. ಎದೆ ಮೆಲ್ಲಗೆ ಏರಿ ಇಳಿಯುತ್ತಿತ್ತು.

"ಏನೇ ಇದು?" ಎಂದೆ.

"ಕೂಗಬೇಡಿ ಅತ್ತೆ. ಜೋರಾಗಿ ಮಾತಾಡಿದ್ರೆ ಮುದುಡ್ಕೋತಾರೆ."

"ನಿನ್ನನ್ನ ನೀನು ನೋಡ್ಕೊಂಡಿದ್ದೀಯೇನೇ? ಮೆಟ್ಟಿಲಿಗೇ ನಿನ್ನ ಭಾರ ಗೊತ್ತಾಗ್ತಿಲ್ಲ. ಹೊರಟುಹೋಗ್ತೀಯ ಕಣೇ ಮಾಲಿನಿ!"

"ಇಲ್ಲ ಅತ್ತೆ. ನನ್ನ ಬಟ್ಟೆ ಒಂದು ಚೂರೂ ಒದ್ದೆ ಇಲ್ಲ. ದಿನಾ ಇನ್ನೊಂದ್ಸಲ, ಮತ್ತೊಂದ್ಸಲ ಒಣಗಿಸ್ತಾನೇ ಇದ್ದೀನಿ. ಅಂಗಿಗೆ ಹೋದದ್ದು ಇದರಿಂದ ನನಗೆ ವಾಪಸ್ ಬರುತ್ತೆ." ಅವಳು ಲೆಕ್ಕ ಒಪ್ಪಿಸುವ ಮಗುವಿನ ಹಾಗೆ ಹೇಳಿದಳು. "ಫ್ಯೂಸು ಪದೇಪದೇ ಹೋಗ್ತಿತ್ತು. ದಪ್ಪ ತಂತಿ ಸುತ್ತಿಟ್ಟೆ. ಈಗ ಹೋಗಲ್ಲ."

ಹೊರಗಿನಿಂದ ಬಂದವಳು ನಮ್ಮೂರಿನಲ್ಲಿ ಹುಟ್ಟಿದವರು ಯಾರೂ ಮಾಡದ ತಪ್ಪು ಮಾಡಿದ್ದಳು. ಬೈಯಬೇಕೆಂದು ಬಾಯಿ ತೆರೆದೆ. ಆಗ ಅಂಗಿಯ ಎಡ ಭುಜ, ಕೂತು ಬೇಜಾರಾದಾಗ ಅವನು ಮಾಡುತ್ತಿದ್ದ ಹಾಗೆ, ಸ್ವಲ್ಪ ಮೇಲೆದ್ದು ಇಳಿಯಿತು. ಅಂಗಿಯನ್ನು ಎಳೆದು ಕೆಳಗೆ ಒಯ್ಯಬೇಕಾದವಳು ಅದರೆದುರು ನೆಲದ ಮೇಲೆ ಕೂತುಬಿಟ್ಟೆ. ಸಂತೋಷವಾಯಿತು. ಸುಳ್ಳು ಯಾಕೆ ಹೇಳಲಿ, ಅಂಥ ಸಂತೋಷ ಅವನು ಹುಟ್ಟಿದಾಗಲೂ ಆಗಿರಲಿಲ್ಲ.

ಮಾರನೆಯ ದಿನ ಒಣಗಿಸಿಬಿಡೋಣ ಎಂದುಕೊಂಡೆ. ಮಾರನೆಯ ಸಂಜೆ ನಾನೇ ಚೊಂಬಿನಲ್ಲಿ ನೀರು ತಂದು ಅಂಗಿಯ ಮೇಲೆ ಚಿಮುಕಿಸಿದೆ. ಹೀಗೇ ನಾಳೆ, ನಾಳೆ ಎಂದು ದಿನ ಹೋದವು. ಹಗಲೆಲ್ಲ ಮಾಲಿನಿಗೆ ತುಪ್ಪ ಹಾಕಿ ಕಲಸಿ ಕಲಸಿ ತಿನ್ನಿಸಿದೆ. ಏನೂ ನಿಲ್ಲಲಿಲ್ಲ. ಒಂದು ಮಧ್ಯಾಹ್ನ ಕಿಟಕಿಯಿಂದ ಗಾಳಿ ಬೀಸಿದಾಗ ಅವಳು ಬಾಗಿಲ ಚೌಕಟ್ಟನ್ನು ತಬ್ಬಿ ನಿಂತದ್ದನ್ನು ನೋಡಿ, ಎಲೆ ಅಡಿಕೆ ಕುಟ್ಟುವ ಕಬ್ಬಿಣದ ಕುಟ್ಟಾಣಿಯನ್ನು ಅವಳ ಸೆರಗಿನ ತುದಿಗೆ ಗಂಟು ಹಾಕಿದೆ. ಅಂದೇ ಅಚ್ಚಮ್ಮ ನನ್ನನ್ನು ಬೇಲಿಯ ಹತ್ತಿರ ಹಿಡಿದಳು. "ಏನೇ ಪಂಕಜ, ಹಿಂದಿಂದ ಬಂದದ್ದೇ ಗೊತ್ತಾಗ್ಲಿಲ್ಲ? ತರಗೆಲೆ ತುಳಿದ್ರೂ ಸದ್ದಿಲ್ವಲ್ಲ!" ಕಾಲುನೋವು, ಮೆಲ್ಲಗೆ ನಡೆಯುತ್ತೇನೆ ಎಂದೆ. ಅವಳು ನನ್ನ ಪಾದ ನೋಡಿದಳು, ಮುಖ ನೋಡಿದಳು. ಅವಳ ತೋಳಿನಲ್ಲಿ ಕೂಸು ನಿದ್ದೆಯಲ್ಲೇ ಬಾಯಿ ಚಪ್ಪರಿಸುತ್ತಿತ್ತು. ಆ ಕೂಸು ಮಲಗುವ ತೊಟ್ಟಿಲು ನಮ್ಮ ಮಹಡಿ ಕೋಣೆಯ ಗೋಡೆಯ ಆಚೆ ಬದಿಗೇ ಇತ್ತು. ಸಂಜೆ ನಾವು ಅಂಗಿಯ ಮುಂದೆ ಕೂತಿರುವಾಗ ಅಚ್ಚಮ್ಮನ ಮಗಳು ಜೋಗುಳ ಹಾಡುವುದು ನಮಗೆ ಕೇಳಿಸುತ್ತಿತ್ತು.

ಅದಾಗಿ ಎರಡು ಮೂರು ದಿನವಾಗಿತ್ತೇನೋ. ಹೊರಗೆ ದೀಪ ಹಚ್ಚುವ ಹೊತ್ತು. ಡ್ರೈಯರ್ ತಿರುಗುತ್ತಿತ್ತು. ನಾನೂ ಮಾಲಿನಿಯೂ ಅಂಗಿಯ ಎದುರು ಕೂತಿದ್ದೆವು. ಮೀನು ಸುಟ್ಟ ವಾಸನೆ ಬಂತು. ನನಗೆ ಗೊತ್ತಾಯಿತು, ಆದರೂ ಏಳಲು ಮನಸ್ಸಾಗಲಿಲ್ಲ. ಆಗ ಅಂಗಿ ಎದ್ದಿತು.

ಅಲ್ಲಿಯವರೆಗೆ ಅದು ಕುರ್ಚಿ ಬಿಟ್ಟು ಎದ್ದಿರಲಿಲ್ಲ. ಸೊಂಟದ ಕೆಳಗೆ ಏನೂ ಇಲ್ಲದ ಅಂಗಿ ಗೋಡೆಯತ್ತ ಹೋಯಿತು. ನೆಲದ ಮೇಲೆ ನೀರಿನ ಗೆರೆ ಎಳೆಯುತ್ತಾ ಹೋಗಿ, ಬಾಗಿ, ಬಲ ತೋಳಿನ ತುದಿಯನ್ನು ಪ್ಲಗ್ಗಿನ ಮೇಲೆ ಇಟ್ಟಿತು. ಚುಂಯ್ ಎಂದು ಹಬೆ ಎದ್ದಿತು. ತೋಳು ಹಿಂದಕ್ಕೆ ಬಂತು. ಮತ್ತೆ ಇಟ್ಟಿತು. ಪ್ಲಗ್ ಕಿತ್ತುಹಾಕಲು ಅದು ಒದ್ದಾಡುತ್ತಿತ್ತು. ತೋಳಿತ್ತು, ಬೆರಳಿರಲಿಲ್ಲ. ಮತ್ತೆ ಮತ್ತೆ ಒತ್ತಿ, ಪ್ರತಿ ಸಲವೂ ಖಾಲಿ ತುದಿಯನ್ನು ನಮ್ಮ ಕಡೆ ತಿರುಗಿಸುತ್ತಿತ್ತು. ಪಾಯಿಂಟಿನ ಸುತ್ತ ಗೋಡೆಯ ಸುಣ್ಣ ಕಂದಾಯಿತು. ಗೋಡೆಯೊಳಗಿನಿಂದ ಹೊಗೆ ಬರತೊಡಗಿತು. ಆಚೆ ಬದಿಯಲ್ಲಿ ಜೋಗುಳ ನಿಂತು, ಕೂಸು ಕೆಮ್ಮಿದ್ದು ಕೇಳಿಸಿತು.

ನಾನು ಮೆಟ್ಟಿಲಿಳಿದು ಓಡಿದೆ. ನಮ್ಮ ಮೇನ್ ಸ್ವಿಚ್ಚು ಹಳೆಯ ಕಾಲದ್ದು, ಪಕ್ಕದಲ್ಲಿ ಕಬ್ಬಿಣದ ಹಿಡಿ, ಕೆಳಕ್ಕೆ ಎಳೆಯಬೇಕು. ಎಳೆದೆ. ಅದು ಅಲ್ಲಾಡಲಿಲ್ಲ. ಎರಡೂ ಕೈಯಲ್ಲಿ ಹಿಡಿದು ಜೋತುಬಿದ್ದೆ. ಒಗೆದು ಹಾಕಿದ ಟವೆಲ್ಲಿನ ಹಾಗೆ ತೂಗಾಡಿದೆನೇ ಹೊರತು ಹಿಡಿ ಇಳಿಯಲಿಲ್ಲ. ಒಂದು ಹಿಡಿಯನ್ನು ಇಳಿಸುವಷ್ಟು ಭಾರವೂ ನನ್ನಲ್ಲಿ ಉಳಿದಿರಲಿಲ್ಲ. "ಮಾಲಿನೀ! ಬಾರೇ! ನನ್ನ ಕೈಲಾಗ್ತಿಲ್ಲ!" ಎಂದು ಕಿರುಚಿದೆ.

ಅವಳು ಬರಲಿಲ್ಲ. "ಕೂಸು ಕಣೇ! ಆಚೆ ಕೂಸಿದೆ!" ಎಂದೆ. ಆಗ ಮೆಟ್ಟಿಲ ಮೇಲೆ ಕುಟ್ಟಾಣಿ ಟಣ್ ಟಣ್ ಎಂದು ಬಡಿಯುತ್ತಾ ಬಂತು. ಅವಳ ಹೆಜ್ಜೆಗೆ ಸದ್ದಿರಲಿಲ್ಲ, ಕುಟ್ಟಾಣಿಗೆ ಇತ್ತು. ಬಂದವಳೇ ನನ್ನ ಸೊಂಟವನ್ನು ತಬ್ಬಿ ಕಾಲು ನೆಲ ಬಿಟ್ಟು ಜೋತುಬಿದ್ದಳು. ಇಬ್ಬರು ಹೆಂಗಸರು, ಒಂದು ಕುಟ್ಟಾಣಿ. ಹಿಡಿ ಕಟಕ್ಕೆಂದು ಇಳಿಯಿತು. ಮನೆ ಕತ್ತಲಾಯಿತು, ಮೇಲೆ ಡ್ರಮ್ಮು ನಿಧಾನವಾಗಿ ನಿಂತಿತು.

ಮೇಲೆ ಹೋದಾಗ ಪ್ಲಗ್ಗು ಕರಗಿ ಗೋಡೆಗೆ ಅಂಟಿಕೊಂಡಿತ್ತು. ಅದರ ಕೆಳಗೆ ಅಂಗಿ ಮುದುಡಿ ಬಿದ್ದಿತ್ತು. ಬಲ ತೋಳಿನ ಪಟ್ಟಿ ಸುಟ್ಟು ಕಂದಾಗಿತ್ತು. ಮಾಲಿನಿ ಅದನ್ನು ಎತ್ತಿ ತೊಡೆಯ ಮೇಲೆ ಹಾಕಿಕೊಂಡಳು. "ನಾನು ಅಲ್ಲೇ ಕೂತಿದ್ದೆ ಅತ್ತೆ. ಅವರು ತೋಳಲ್ಲಿ ನನ್ನ ಬೆನ್ನು ನೂಕಿದ್ರು. ಮೆಟ್ಟಿಲವರೆಗೂ ನೂಕಿದ್ರು" ಎಂದು ಬಿಕ್ಕಿದಳು. ನಾನೂ ಅತ್ತುಬಿಟ್ಟೆ. ಅವನು ಹೋದ ದಿನ ಬಾರದ ಅಳು ಅಂದು ಬಂತು.

ಬೆಳಗಾಗುತ್ತಲೇ ಅಚ್ಚಮ್ಮನ ಮನೆಗೆ ಹೋಗಿ, ಕಳ್ಳರು ನಾವೇ ಎಂದು ಎಲ್ಲವನ್ನೂ ಹೇಳಿದೆ. ಕೈ ಸೇದಿಹೋಗಲಿ ಎಂದು ನಾನೇ ಶಾಪ ಹಾಕಿದ್ದನ್ನೂ ನೆನಪಿಸಿದೆ. ಬೀದಿ ತುಂಬ ಮಾನ ಕಳೆಯುತ್ತಾಳೆ ಎಂದು ತಲೆ ತಗ್ಗಿಸಿ ನಿಂತೆ. ಅವಳು ಕೂಸಿನ ತಲೆ ಸವರುತ್ತಾ, "ಇವತ್ತು ಕಡೇ ಸರದಿ ನೀವು ಮಾಡ್ಕೊಳ್ಳಿ. ಉಳಿದೋರು ಬೇಗ ಬೇಗ ಮುಗಿಸ್ಕೋತೀವಿ. ನಿಮ್ಮನ್ನ ಯಾರೂ ಅವಸರ ಮಾಡಲ್ಲ" ಎಂದಳು. ಮಧ್ಯಾಹ್ನ ವೈರಿಂಗಿನವರು ಬಂದು ಮಹಡಿಯ ಲೈನು ಕಿತ್ತುಹಾಕಿ, ದಪ್ಪ ತಂತಿ ತೆಗೆದು ಸರಿಯಾದ ಫ್ಯೂಸ್ ತಂತಿ ಹಾಕಿ, ಮೇನಿನ ಹಿಡಿಗೆ ಎಣ್ಣೆ ಬಿಟ್ಟು ಹೋದರು.

ಕೆಳಗಿನ ಹಿಂದಿನ ಕೋಣೆಯಲ್ಲಿ ನಮ್ಮ ಡ್ರೈಯರ್ ಇತ್ತು. ಅದರ ದಪ್ಪ ವೈರು, ದೊಡ್ಡ ಪಿನ್ನಿನ ಪ್ಲಗ್ಗು, ಎಲ್ಲ ಶ್ರೀಕಂಠ ಮುಂದೆ ನಿಂತು ಹಾಕಿಸಿದ್ದು. ಬೀದಿಯ ಕೂಗು ಮನೆಯಿಂದ ಮನೆಗೆ ಸಾಗಿ, ಕೊನೆಗೆ ಅಚ್ಚಮ್ಮನ "ನಮ್ದು ನಿಂತ್ತು" ಬಂದಾಗ ಬಿಸಿಲು ಇಳಿದಿತ್ತು. ಮಾಲಿನಿ ಅಂಗಿಯನ್ನು ಒಳಗಿಟ್ಟಳು. ನಾನು ಹಿತ್ತಲ ಬಾಗಿಲಿಗೆ ಹೋಗಿ ಬಾಯಿ ತೆರೆದೆ. ದನಿ ಹೊರಡಲಿಲ್ಲ. ಮಾಲಿನಿ ನನ್ನ ಪಕ್ಕ ಬಂದು ನಿಂತು "ನಮ್ದು ತಿರುಗ್ತಾ ಇದೆ" ಎಂದು ಕೂಗಿದಳು.

ಮೂರು ಸಲ ತಿರುಗಿಸಬೇಕು. ಮೊದಲನೆಯ ಸಲ ಗಾಜಿನ ಆಚೆ ತೋಳೊಂದು ತುಂಬಿದಂತೆ ಕಂಡು ಮತ್ತೆ ಚಪ್ಪಟೆಯಾಯಿತು. ಎರಡನೆಯ ಸಲ ಅಂಗಿ ಬರೀ ಅಂಗಿಯ ಹಾಗೆ ಬೀಳುತ್ತಿತ್ತು. ಮೂರನೆಯದು ಶುರುವಾಗಿ ಸ್ವಲ್ಪ ಹೊತ್ತಿಗೆ ನನಗೆ ಅಭ್ಯಾಸ ನೆನಪಾಯಿತು. ಸೆರಗಿಗೆ ಕೈ ಒರೆಸಿಕೊಂಡು ಗೋಡೆಯ ಹತ್ತಿರ ಹೋದೆ.

ಪ್ಲಗ್ಗಿನ ಪಕ್ಕ, ಗೋಡೆಯ ಸುಣ್ಣದ ಮೇಲೆ, ಒದ್ದೆ ಕೈಯ ಗುರುತಿತ್ತು. ಅಂಗೈ, ಐದೂ ಬೆರಳು. ಬಗ್ಗಿ ಪ್ಲಗ್ ಮುಟ್ಟುವಾಗ ಅವನು ಯಾವಾಗಲೂ ಎಡಗೈ ಊರುತ್ತಿದ್ದ ಜಾಗ. ನನ್ನ ಕೈಯೂ ಮಾಲಿನಿಯ ಕೈಯೂ ಒಣಗಿದ್ದವು. ನಾನು ಪ್ಲಗ್ ಮುಟ್ಟಿದೆ. "ತಣ್ಣಗಿದೆ ಕಣಪ್ಪಾ" ಎಂದೆ. ಗೋಡೆಯ ಮೇಲಿನ ಗುರುತು ಅಂಚಿನಿಂದ ಒಣಗುತ್ತಾ ಬಂತು. ಮೊದಲು ಬೆರಳು ಹೋದವು, ಆಮೇಲೆ ಅಂಗೈ. ನಾವಿಬ್ಬರೂ ಅದು ಪೂರ್ತಿ ಒಣಗುವವರೆಗೆ ನೋಡುತ್ತಾ ನಿಂತೆವು. ಅಷ್ಟರಲ್ಲಿ ಡ್ರಮ್ಮು ತಾನಾಗಿ ನಿಂತಿತು.

ಬೀದಿ ಇಡೀ ಸುಮ್ಮನಿತ್ತು. ಕತ್ತಲಾಗುತ್ತಾ ಬಂದರೂ ಯಾರ ಮನೆಯಲ್ಲೂ ದೀಪ ಹತ್ತಿರಲಿಲ್ಲ. ಎಲ್ಲರೂ ಹಿತ್ತಲ ಬಾಗಿಲುಗಳಲ್ಲಿ ನಿಂತು ನಮ್ಮ ಕೂಗಿಗೆ ಕಾಯುತ್ತಿದ್ದರು. ಈ ಸಲ ನಾನೇ ಕೂಗಿದೆ. "ನಮ್ದು ನಿಂತ್ತು!" ಒಂದೊಂದಾಗಿ ಮನೆಗಳ ದೀಪ ಹತ್ತಿಕೊಂಡವು. ಮಾಲಿನಿ ಅಂಗಿಯನ್ನು ಸುಟ್ಟ ಪಟ್ಟಿ ಒಳಗೆ ಬರುವಂತೆ ಮಡಿಸಿ, ಟ್ರಂಕಿನಲ್ಲಿಡಲು ಮಹಡಿಗೆ ಹೊರಟಳು. ಕುಟ್ಟಾಣಿಯನ್ನು ಸೆರಗಿನಿಂದ ಬಿಚ್ಚಿ ನನ್ನ ಕೈಗೆ ಕೊಟ್ಟಿದ್ದಳು. ಗಾಳಿ ಬಂದರೆ ಏನು ಗತಿ ಎಂದು ನಾನು ಕೈ ಚಾಚಿಕೊಂಡೇ ಕೆಳಗೆ ನಿಂತಿದ್ದೆ. ಅವಳು ಒಂದೊಂದೇ ಹತ್ತಿದಳು. ನಡುವಿನ ಮೆಟ್ಟಿಲಿಗೆ ಬಂದಾಗ, ಬಹಳ ಸಣ್ಣಗೆ, ಕಿರ್ ಎಂದಿತು.